ಚುಕ್ಕೆಗಳಲ್ಲಿ ಬಂದ ಹಂಪೆ

ಕಳೆದ ಮಾಘಮಾಸದಲ್ಲಿ ಕಂಪ್ಲಿಯಲ್ಲಿ ನಮ್ಮ ದೊಡ್ಡಪ್ಪನವರ ಮೊಮ್ಮಗಳ ಮದುವೆ. ಬಂದವರಿಗೆ ತಾಂಬೂಲ, ತೆಂಗಿನಕಾಯಿ ಹಾಕಿ ಕೊಡುವ ಬಟ್ಟೆಚೀಲದ ಮೇಲೆ ಏನಾದರೊಂದು ಚಿತ್ರವಿರಬೇಕೆಂದು ಮನೆಯವರ ಆಸೆ. "ನೀನು ಹೊಸಪೇಟೆಯಾಗ ಇರಾವ, ಮೇಷ್ಟ್ರಾಗಿದ್ದಾವ, ಅದೊಂದು ಕೆಲಸ ನೀನೇ ನೋಡ್ಕೋ" ಎಂದು ದೊಡ್ಡಪ್ಪ ಫೋನಿನಲ್ಲಿ ಅಪ್ಪಣೆ ಕೊಟ್ಟರು. ಗಣಪತಿ, ಕಲಶ, ಬಾಳೆಕಂಬ ಇವು ಎಲ್ಲರ ಚೀಲದ ಮೇಲೂ ಇರತಕ್ಕವೇ. ನಮ್ಮ ಸೀಮೆಯ ಮದುವೆಗೆ ನಮ್ಮ ಸೀಮೆಯದೇ ಚಿತ್ರವಿರಲಿ ಎಂದು ನಾನು ಹಂಪೆಯ ಕಲ್ಲಿನ ರಥವನ್ನು ಆರಿಸಿದೆ. ಅದರಲ್ಲೂ ಇಂದಿನ ರಥವಲ್ಲ, ೧೮೫೬ರ ರಥ.

ಇಂದಿನ ರಥ, ಅಂದಿನ ರಥ ಎಂದರೇನು, ಕಲ್ಲೇನು ಬದಲಾಯಿತೆ ಎಂದು ಓದುಗರು ಕೇಳಬಹುದು. ಕಲ್ಲು ಬದಲಾಗಲಿಲ್ಲ. ವಿಠಲ ದೇವಾಲಯದ ಅಂಗಳದಲ್ಲಿ ನಿಂತಿರುವ ಅದು ಎಳೆಯುವ ತೇರೂ ಅಲ್ಲ, ತೇರಿನ ಆಕಾರದ ಗರುಡನ ಗುಡಿ. ಒಂದು ಕಾಲದಲ್ಲಿ ಆ ಗುಡಿಯ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಗೋಪುರವಿತ್ತು. ಮದರಾಸಿನ ದೇಶೀ ಕಾಲ್ದಳದಲ್ಲಿ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು ೧೮೫೬ರಲ್ಲಿ ಹಂಪೆಯಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಆ ಶತಮಾನ ಮುಗಿಯುವುದರೊಳಗೆ ಗೋಪುರ ಇಲ್ಲವಾಯಿತು. ಇಂದು ನಾವು ನೋಡುವ ರಥ ಚಪ್ಪಟೆ ತಲೆಯದು. ನಮ್ಮ ತಾತ ಮುತ್ತಾತಂದಿರು ನೋಡಿದ್ದ ರಥವನ್ನು ಮದುವೆಗೆ ಬಂದ ನೂರಾರು ಜನ ಮನೆಗೆ ಒಯ್ಯಲಿ ಎಂಬುದು ನನ್ನ ಹಂಬಲ. ಅದು ಅಷ್ಟು ಸುಲಭವಾಗಿ ಕೈಗೂಡಲಿಲ್ಲ. ಕೈಗೂಡದ ಕಾರಣವನ್ನು ಹುಡುಕುತ್ತ ಹೋದಾಗ, ಹಂಪೆಯ ಚಿತ್ರ ನಮ್ಮ ಕೈಗೆ ಬಂದು ಸೇರಿದ ಕಥೆಯೇ ಬಿಚ್ಚಿಕೊಂಡಿತು.

ಹೊಸಪೇಟೆಯ ಬಸ್ ನಿಲ್ದಾಣದ ಆಚೆಗೆ, ಅದಿರಿನ ಲಾರಿಗಳು ಓಡಾಡುವ ರಸ್ತೆಯ ಮಗ್ಗುಲಲ್ಲಿ, ಸ್ಕ್ರೀನ್ ಪ್ರಿಂಟಿಂಗಿನ ಒಂದು ಸಣ್ಣ ಅಂಗಡಿ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಚೀಲ, ಬನಿಯನ್ನು ಎಲ್ಲದಕ್ಕೂ ಅಲ್ಲಿ ಅಚ್ಚು ಹಾಕುತ್ತಾರೆ. ಅಂಗಡಿಯ ಹುಡುಗನಿಗೆ ನಾನು ಚಿತ್ರವನ್ನು ಕೊಟ್ಟೆ. ಅವನು ಅದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ ಮುಖ ಸಣ್ಣದು ಮಾಡಿದ.

"ಇದು ಪುಸ್ತಕದಾಗಿನ ಫೋಟೋ ಏನ್ರಿ ಸಾರ್? ಆಗಲೇ ಒಮ್ಮೆ ಚುಕ್ಕಿ ಆಗಿಬಿಟ್ಟೈತಲ್ರಿ. ಚುಕ್ಕಿ ಮ್ಯಾಲ ಚುಕ್ಕಿ ಹಾಕಿದ್ರ ಜಗಳ ಆಡ್ತಾವ."

ಚುಕ್ಕಿಗಳು ಜಗಳವಾಡುತ್ತವೆಂಬ ಮಾತು ನನಗೆ ಹೊಸದು. ಚುಕ್ಕಿಗಳು ಮಾತ್ರ ಹೊಸವಲ್ಲ. ನಾನು ಹುಡುಗನಾಗಿದ್ದಾಗ, ಪತ್ರಿಕೆಯಲ್ಲಿ ನಮ್ಮ ತುಂಗಭದ್ರಾ ಅಣೆಕಟ್ಟಿನ ಚಿತ್ರ ಬಂದಿದ್ದ ಒಂದು ಮಳೆಗಾಲದಲ್ಲಿ, ಅಪ್ಪನ ಭೂತಗನ್ನಡಿಯನ್ನು ಕದ್ದು ಅದರ ಮೇಲೆ ಹಿಡಿದಿದ್ದೆ. ಧುಮುಕುವ ನೀರನ್ನು ಹತ್ತಿರದಿಂದ ನೋಡಬೇಕೆಂಬ ಆಸೆ. ಕಂಡದ್ದು ನೀರಲ್ಲ, ಕಲ್ಲಲ್ಲ, ಸಾಲುಸಾಲು ಕಪ್ಪು ಚುಕ್ಕೆ. ನೀರಿದ್ದಲ್ಲಿ ಸಾಸಿವೆಗಿಂತ ಸಣ್ಣವು, ಗೋಡೆಯಿದ್ದಲ್ಲಿ ದಪ್ಪನೆಯವು, ನೆರಳಿನಲ್ಲಿ ಒಂದಕ್ಕೊಂದು ಅಂಟಿಕೊಂಡವು. ಅಮ್ಮ ಅಂಗಳದಲ್ಲಿ ಇಡುತ್ತಿದ್ದ ರಂಗೋಲಿಯಲ್ಲಿ ಚುಕ್ಕಿಯಿಟ್ಟ ಮೇಲೆ ಗೆರೆ ಎಳೆಯುತ್ತಾರೆ. ಇಲ್ಲಿ ಗೆರೆಯೇ ಇಲ್ಲ, ಚುಕ್ಕಿಯೇ ಚಿತ್ರ. ಅಂದು ಅದನ್ನು ಅಚ್ಚಿನ ದೋಷವೆಂದು ತಿಳಿದಿದ್ದೆ.

ಅದು ದೋಷವಲ್ಲ, ಉಪಾಯ. ಛಾಯಾಚಿತ್ರಕ್ಕೂ ಅಚ್ಚಿಗೂ ಹುಟ್ಟಿನಿಂದಲೇ ಒಂದು ವೈಷಮ್ಯವುಂಟು. ಛಾಯಾಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಎಷ್ಟೋ ಮೆಟ್ಟಿಲು: ಕಡುಗಪ್ಪು, ಬೂದಿ, ತಿಳಿಬೂದಿ, ಹೊಗೆಯಂಥ ಬಿಳುಪು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಎಲ್ಲಿ ಇಳಿದೆವೆಂಬುದೂ ತಿಳಿಯುವುದಿಲ್ಲ. ಅಚ್ಚಿನ ಮಸಿಗಾದರೋ ಎರಡೇ ಮಾತು ಗೊತ್ತು: ಉಂಟು, ಇಲ್ಲ. ಕಾಗದದ ಮೇಲೆ ಬಿದ್ದರೆ ಪೂರ್ತಿ ಕಪ್ಪು, ಬೀಳದಿದ್ದರೆ ಪೂರ್ತಿ ಬಿಳುಪು. ಅರ್ಧ ಕಪ್ಪಾಗಿ ಬೀಳು ಎಂದರೆ ಅದು ಕೇಳುವುದಿಲ್ಲ. ಆದ್ದರಿಂದ ಕಣ್ಣಿಗೇ ಮೋಸ ಮಾಡಬೇಕು. ಒಂದೇ ಅಂತರದಲ್ಲಿ ಚುಕ್ಕೆಗಳನ್ನಿಟ್ಟು, ಕತ್ತಲೆಯಿದ್ದಲ್ಲಿ ಅವನ್ನು ಹಿಗ್ಗಿಸಿ, ಬೆಳಕಿದ್ದಲ್ಲಿ ಕುಗ್ಗಿಸಿದರೆ, ದೂರದಿಂದ ನೋಡುವ ಕಣ್ಣು ಮಸಿಯನ್ನೂ ಕಾಗದವನ್ನೂ ಬೆರಸಿಕೊಂಡು "ಇದು ಬೂದಿ" ಎನ್ನುತ್ತದೆ. ಇದಕ್ಕೇ ಹಾಫ್‌ಟೋನ್ ಎಂದು ಹೆಸರು. ಪತ್ರಿಕೆಯ ಒರಟು ಕಾಗದಕ್ಕೆ ಅಂಗುಲಕ್ಕೆ ಸುಮಾರು ೬೫ ಸಾಲು ಚುಕ್ಕೆ. ಅಂದರೆ ಒಂದು ಚದರ ಅಂಗುಲದಲ್ಲಿ ೪,೨೨೫. ನುಣುಪಾದ ಆರ್ಟ್ ಕಾಗದಕ್ಕೆ ಇದರ ಎರಡರಷ್ಟು ಸಾಲುಗಳನ್ನೂ ಹಾಕಬಹುದು.

ಈ ಉಪಾಯ ಒಬ್ಬನ ತಲೆಯಲ್ಲಿ ಒಂದು ದಿನ ಹೊಳೆದದ್ದಲ್ಲ. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ೧೮೫೨ರಲ್ಲಿಯೇ ಒಂದು ಪೇಟೆಂಟು ಪಡೆದ. ಛಾಯಾಚಿತ್ರವನ್ನು ಲೋಹದ ತಗಡಿಗೆ ಇಳಿಸುವಾಗ ನಡುವೆ ತೆಳುವಾದ ಬಲೆಬಟ್ಟೆಯನ್ನು ಇಟ್ಟರೆ, ಛಾಯೆ ಒಡೆದು ಕಣಕಣವಾಗಿ ಮಸಿ ಹಿಡಿಯುತ್ತದೆಂದು ಅವನು ಕಂಡುಕೊಂಡಿದ್ದ. ಬಟ್ಟೆಯಿಂದ ಆರಂಭವಾದ ಈ ವಿದ್ಯೆ ಬಹುಕಾಲ ಪ್ರಯೋಗವಾಗಿಯೇ ಉಳಿಯಿತು. ೧೮೮೦ರ ಮಾರ್ಚ್ ೪ರಂದು ನ್ಯೂಯಾರ್ಕಿನ 'ಡೇಲಿ ಗ್ರಾಫಿಕ್' ಪತ್ರಿಕೆ ಬಡವರ ಗುಡಿಸಲುಗಳ ಒಂದು ಛಾಯಾಚಿತ್ರವನ್ನು ಕೆತ್ತನೆಗಾರನ ಕೈ ತಗಲಿಸದೆ ಅಚ್ಚು ಮಾಡಿತು. ೧೮೮೨ರಲ್ಲಿ ಜರ್ಮನಿಯ ಗೇಯಾರ್ಗ್ ಮೈಸೆನ್‌ಬಾಖ್ ಗೆರೆ ಕೊರೆದ ಜಾಲರಿಯನ್ನು ಬಳಸುವ ವಿಧಾನಕ್ಕೆ ಪೇಟೆಂಟು ಪಡೆದ. ಬಳಿಕ ಅಮೆರಿಕದ ಲೆವಿ ಸಹೋದರರು, ಸೂಕ್ಷ್ಮವಾದ ಗೆರೆಗಳನ್ನು ಕೊರೆದು ಮಸಿ ತುಂಬಿದ ಎರಡು ಗಾಜುಗಳನ್ನು ಗೆರೆಗೆ ಗೆರೆ ಅಡ್ಡವಾಗುವಂತೆ ಅಂಟಿಸಿ, ನಂಬಿಕೆಯ ಜಾಲರಿ ಗಾಜನ್ನು ತಯಾರಿಸಿಕೊಟ್ಟರು. ಅಲ್ಲಿಂದ ಪತ್ರಿಕೆಗಳ ಮುಖವೇ ಬದಲಾಯಿತು.

ಜಾಲರಿ ಗಾಜನ್ನು ಕ್ಯಾಮರಾದೊಳಗೆ ತಗಡಿಗೆ ಅಂಟಿಸಿ ಇಡುವುದಿಲ್ಲ, ಕೂದಲೆಳೆಯ ಲೆಕ್ಕದಲ್ಲಿ ಸ್ವಲ್ಪ ದೂರ ಹಿಡಿದಿರುತ್ತಾರೆ. ಆಗ ಜಾಲರಿಯ ಒಂದೊಂದು ಕಣ್ಣೂ ಒಂದೊಂದು ಸೂಜಿರಂಧ್ರದಂತೆ ಬೆಳಕನ್ನು ಬಿಡುತ್ತದೆ. ಬೆಳಕು ಹೆಚ್ಚಾದಲ್ಲಿ ಗುರುತು ಹಿಗ್ಗುತ್ತದೆ, ಕಡಮೆಯಾದಲ್ಲಿ ಕುಗ್ಗುತ್ತದೆ. ಆ ದೂರ ಎಷ್ಟಿರಬೇಕು, ಮಸೂರದ ಬಾಯಿ ಎಷ್ಟು ತೆರೆದಿರಬೇಕು ಎಂಬುದನ್ನು ಬಹಳ ಮಂದಿ ಕೈಯಂದಾಜಿನಿಂದ ಮಾಡುತ್ತಿದ್ದ ಕಾಲದಲ್ಲಿ ಗಣಿತದಿಂದ ಹೇಳಲು ಹೊರಟವರಲ್ಲಿ ಒಬ್ಬರು ನಮ್ಮ ದೇಶದವರೇ. ಕಲಕತ್ತೆಯ ಉಪೇಂದ್ರಕಿಶೋರ ರಾಯ್ ಚೌಧುರಿ, ಚಲಚ್ಚಿತ್ರದ ಸತ್ಯಜಿತ್ ರಾಯ್ ಅವರ ತಾತ. ಮಕ್ಕಳಿಗಾಗಿ ತಾವು ಬರೆದ ರಾಮಾಯಣದ ಚಿತ್ರಗಳನ್ನು ಮರದಚ್ಚಿನ ಕೆತ್ತನೆಗಾರರು ಕೆಡಿಸಿದ್ದನ್ನು ಕಂಡು ನೊಂದು, ವಿಲಾಯಿತಿಯಿಂದ ಉಪಕರಣಗಳನ್ನು ತರಿಸಿ, ೧೮೯೫ರಲ್ಲಿ ಬ್ಲಾಕು ಮಾಡುವ ಉದ್ಯಮವನ್ನೇ ತೆರೆದರು. ೧೮೯೭ರಿಂದ ಲಂಡನ್ನಿನ ಪೆನ್‌ರೋಸ್ ವಾರ್ಷಿಕ ಸಂಚಿಕೆಗಳಲ್ಲಿ ಹಾಫ್‌ಟೋನ್ ಚುಕ್ಕೆಯ ಸಿದ್ಧಾಂತವನ್ನು ಕುರಿತು ಅವರ ಲೇಖನಗಳು ಬಂದವು. ಮಗ ಸುಕುಮಾರ ರಾಯ್ ೧೯೧೧ರಲ್ಲಿ ಇದೇ ವಿದ್ಯೆಯನ್ನು ಕಲಿಯಲು ಇಂಗ್ಲೆಂಡಿಗೆ ಹೋದರು. ಮಕ್ಕಳ ಪುಸ್ತಕದ ಚಿತ್ರ ಕೆಟ್ಟಿತೆಂಬ ಸಂಕಟದಿಂದ ಇಷ್ಟೆಲ್ಲ ಹುಟ್ಟಿತು ಎಂಬುದನ್ನು ನೆನೆದಾಗ, ಒಂದು ಚೀಲದ ಚಿತ್ರಕ್ಕಾಗಿ ನಾನು ಪಟ್ಟ ಪಾಡು ನನಗೆ ಅಷ್ಟೇನೂ ಹಾಸ್ಯಾಸ್ಪದವೆನಿಸುವುದಿಲ್ಲ.

ಈಗ ಹಂಪೆಯ ಚಿತ್ರಗಳ ಕಡೆಗೆ ಬರೋಣ. ಗ್ರೀನ್‌ಲಾ ಹಂಪೆಯಲ್ಲಿ ತೆಗೆದದ್ದು ಸುಮಾರು ಅರುವತ್ತು ಚಿತ್ರ. ಅವನದು ಕಾಗದದ ನೆಗೆಟಿವ್. ಬೆಳ್ಳಿಯ ಲವಣ ಹೀರಿದ, ಮೇಣ ತಿಕ್ಕಿ ಪಾರದರ್ಶಕ ಮಾಡಿದ ದೊಡ್ಡ ಹಾಳೆಗಳು. ಬಿಸಿಲ ನಾಡಿಗೆ ಈ ಕ್ರಮ ಒಗ್ಗುತ್ತಿತ್ತು, ಏಕೆಂದರೆ ಹಾಳೆಗಳನ್ನು ಮೊದಲೇ ಸಿದ್ಧಪಡಿಸಿ ಒಯ್ಯಬಹುದು. ಆದರೆ ಅಂಥ ನೆಗೆಟಿವಿನಿಂದ ಒಂದು ಪ್ರತಿ ಬೇಕಾದರೆ ಒಂದು ಹಾಳೆಯನ್ನು ಅದರಡಿ ಇಟ್ಟು ಬಿಸಿಲಿಗೆ ಹಿಡಿಯಬೇಕು, ಹತ್ತು ಬೇಕಾದರೆ ಹತ್ತು ಸಲ. ಅವನ ನೆಗೆಟಿವ್‌ಗಳು ಹಡಗೇರಿ ಹೋಗಿ ಇಂಗ್ಲೆಂಡಿನಲ್ಲಿ ಒಬ್ಬರ ಖಾಸಗಿ ಸಂಗ್ರಹದಲ್ಲಿ ಅಡಗಿ ಕುಳಿತವು. ಲೋಕದ ಬೆಳಕಿಗೆ ಬಂದದ್ದು ೧೯೮೦ರಲ್ಲಿ. ಆಮೇಲೆ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ೧೯೮೩ರಲ್ಲಿ ಹಂಪೆಗೆ ಬಂದು, ಗ್ರೀನ್‌ಲಾ ನಿಂತಿದ್ದ ಎಡೆಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಏನು ಉಳಿದಿದೆ, ಏನು ಹೋಗಿದೆ ಎಂದು ಮೊದಲ ಸಲ ಕಣ್ಣಾರೆ ಅಳೆಯುವಂತಾಯಿತು. ನೂರ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಗೋಪುರ ಒಂದು ಪೆಟ್ಟಿಗೆಯಲ್ಲಿತ್ತು, ಹಂಪೆಯಲ್ಲಿರಲಿಲ್ಲ.

ಗ್ರೀನ್‌ಲಾನ ಕಾಲದಲ್ಲಿ ಹಂಪೆಯ ಚಿತ್ರ ಪುಸ್ತಕಗಳಲ್ಲಿ ಬರಲಿಲ್ಲವೆ ಎಂದರೆ, ಬಂತು, ಎರಡು ಬಗೆಯಲ್ಲಿ. ೧೮೬೬ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಪುಸ್ತಕವೊಂದು ಹೊರಟಿತು. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರದು, ಛಾಯಾಚಿತ್ರಗಳು ಪಿಗೂ, ನೀಲ್, ಬಿಗ್ಸ್ ಎಂಬವರವು. ಅದರಲ್ಲಿ ಚಿತ್ರಗಳನ್ನು ಅಚ್ಚು ಹಾಕಿರಲಿಲ್ಲ, ಒಂದೊಂದು ಪ್ರತಿಗೂ ನಿಜವಾದ ಛಾಯಾಚಿತ್ರಗಳನ್ನೇ ಅಂಟಿಸಿದ್ದರು. ಅಂಥ ಪುಸ್ತಕ ಸಿರಿವಂತರ ಕಪಾಟಿಗೇ ಹೊರತು ಶಾಲಾಮಾಸ್ತರರ ಮನೆಗಲ್ಲ. ಇನ್ನೊಂದು ಬಗೆ ಮರದ ಕೊರೆತ. ಫರ್ಗುಸನ್ ೧೮೭೬ರಲ್ಲಿ ಹೊರತಂದ ಭಾರತೀಯ ವಾಸ್ತುವಿನ ಇತಿಹಾಸದಲ್ಲಿ ವಿಠಲ ದೇವಾಲಯದ ಮಂಟಪವಿದೆ, ಛಾಯಾಚಿತ್ರವನ್ನು ನೋಡಿ ಕುಶಲಕರ್ಮಿ ಮರದಲ್ಲಿ ಕೊರೆದದ್ದು. ನೋಡಲು ಸೊಗಸು. ಆದರೆ ನಾವು ನೋಡುವುದು ಹಂಪೆಗೆ ಬರದವನೊಬ್ಬನ ಉಳಿ ಹೇಳಿದ ಹಂಪೆ.

ಆಮೇಲೆ ಚುಕ್ಕೆಯ ಕಾಲ. ರಾಬರ್ಟ್ ಸೀವೆಲ್ ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದು ೧೯೦೦ರಲ್ಲಿ ಪುಸ್ತಕ ಬರೆದ. ಪ್ರಾಚ್ಯವಸ್ತು ಇಲಾಖೆಯ ಲಾಂಗ್‌ಹರ್ಸ್ಟ್ ಬರೆದ ಹಂಪೆಯ ಸಚಿತ್ರ ಕೈಪಿಡಿ ೧೯೧೭ರಲ್ಲಿ ಮದರಾಸಿನ ಸರ್ಕಾರಿ ಮುದ್ರಣಾಲಯದಿಂದ ಹೊರಬಂತು. ಕೈಯಲ್ಲಿ ಹಿಡಿದು ಹಾಳುಗಳ ನಡುವೆ ತಿರುಗಬಹುದಾದ ಪುಸ್ತಕ. ಅದೇ ೧೯೧೭ರಲ್ಲಿ ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' ಹೊರಬಂದದ್ದನ್ನು ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ಆಲೂರರು ೧೯೦೫ರಲ್ಲಿ ಹಂಪೆಗೆ ತಾವೇ ಬಂದು ನೋಡಿ, ಆ ನೋಟದಿಂದ ಬಾಳಿನ ದಿಕ್ಕನ್ನು ಬದಲಿಸಿಕೊಂಡವರು. ಬರಲಾಗದ ಸಾವಿರಾರು ಮಂದಿಗೆ ಹಂಪೆಯನ್ನು ಒಯ್ದು ಮುಟ್ಟಿಸಿದ್ದು ಈ ಚುಕ್ಕೆಗಳು. ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ನೆನಪಿಗೆ ೧೯೩೬ರಲ್ಲಿ ಧಾರವಾಡದಿಂದ ಸ್ಮಾರಕ ಸಂಪುಟ ಬಂತು. ಅನಂತರ ಪಠ್ಯಪುಸ್ತಕ, ದಿನದರ್ಶಿಕೆ, ಪತ್ರಿಕೆಗಳ ದೀಪಾವಳಿ ಸಂಚಿಕೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಚುಕ್ಕೆಯ ಅಚ್ಚು ಹಂಪೆಯನ್ನು ಊರೂರಿಗೆ ಒಯ್ಯಲು ತೊಡಗುವ ಹೊತ್ತಿಗೆ ರಥದ ಗೋಪುರ ಹೋಗಿಯಾಗಿತ್ತು. ಗೋಪುರವಿದ್ದ ಕಾಲದ ಚಿತ್ರಗಳು ಅಚ್ಚಾಗಲಾರದಂಥವು, ಅಚ್ಚಾಗಬಲ್ಲ ಚಿತ್ರಗಳು ಬಂದಾಗ ಗೋಪುರವಿಲ್ಲ. ಹಾಗಾಗಿ ಕನ್ನಡ ಜನ ಒಟ್ಟಾಗಿ ಕಂಡ, ಮನಸ್ಸಿನಲ್ಲಿ ಇಟ್ಟುಕೊಂಡ ರಥ ಮೊದಲಿನಿಂದಲೂ ಚಪ್ಪಟೆ ತಲೆಯದೇ. ಮೂವತ್ತು ನಾಲ್ವತ್ತು ವರ್ಷಗಳ ಅಂತರದಲ್ಲಿ ಒಂದು ಕಟ್ಟಡ ನೆಲದಿಂದಲೂ ಹೋಯಿತು, ನೆನಪಿನಿಂದಲೂ ಹೋಯಿತು. ಹೋಯಿತೆಂದು ದುಃಖಿಸುವವರೂ ಇಲ್ಲ, ಏಕೆಂದರೆ ಇತ್ತೆಂದು ಬಲ್ಲವರಿಲ್ಲ. ಚೀಲದ ಮೇಲೆ ಆ ಗೋಪುರವನ್ನೇ ತರಬೇಕೆಂದು ನಾನು ಹಟ ಹಿಡಿದದ್ದು ಇದಕ್ಕಾಗಿ.

ಇನ್ನು ಅಂಗಡಿಗೆ ಮರಳೋಣ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಅಚ್ಚುಮೊಳೆ ಇಲ್ಲ, ತಗಡು ಇಲ್ಲ. ಮರದ ಚೌಕಟ್ಟಿಗೆ ಬಿಗಿದ ಪಾಲಿಯೆಸ್ಟರ್ ಬಲೆಬಟ್ಟೆಯೇ ಅಚ್ಚು. ಮಸಿ ಬೇಡವಾದಲ್ಲಿ ಬಲೆಯ ಕಣ್ಣುಗಳನ್ನು ಮುಚ್ಚಿ, ಬೇಕಾದಲ್ಲಿ ತೆರೆದಿಟ್ಟು, ರಬ್ಬರಿನ ಹಲಗೆಯಿಂದ ಮಸಿಯನ್ನು ಎಳೆದರೆ ಅದು ಕಣ್ಣುಗಳ ಮೂಲಕ ಇಳಿದು ಕೆಳಗಿನ ಬಟ್ಟೆಯನ್ನು ಹಿಡಿಯುತ್ತದೆ. ಜಪಾನಿನವರು ಕತ್ತರಿಸಿದ ಕಾಗದದ ಅಚ್ಚುಗಳಿಂದ ಬಟ್ಟೆಗೆ ಬಣ್ಣ ಹಾಕುತ್ತಿದ್ದುದು ಹಳೆಯ ಸಂಗತಿ. ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ೧೯೦೭ರಲ್ಲಿ ಬಟ್ಟೆಯ ಪರದೆಯಿಂದ ಅಚ್ಚು ಮಾಡುವ ಕ್ರಮಕ್ಕೆ ಪೇಟೆಂಟು ಪಡೆದ.

ಕಣ್ಣುಗಳನ್ನು ಮುಚ್ಚುವ ಕೆಲಸ ಬೆಳಕಿನದು. ಸ್ಕಾಟ್ಲೆಂಡಿನ ಮಂಗೊ ಪಾಂಟನ್ ೧೮೩೯ರಲ್ಲಿ ಡೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ಲವಣ ಬಿಸಿಲಿಗೆ ಸ್ಪಂದಿಸುವುದನ್ನು ಕಂಡಿದ್ದ. ಅಂಟಿಗೆ ಅದನ್ನು ಬೆರಸಿದರೆ, ಬೆಳಕು ಬಿದ್ದ ಅಂಟು ಗಟ್ಟಿಯಾಗಿ ನೀರಿಗೆ ಕರಗದಂತಾಗುತ್ತದೆ, ಬೆಳಕು ಬೀಳದ್ದು ತೊಳೆದುಹೋಗುತ್ತದೆ. ಪತ್ರಿಕೆಗಳ ತಾಮ್ರದ, ಸತುವಿನ ಬ್ಲಾಕುಗಳನ್ನು ಮಾಡಿದ್ದೂ ಇದೇ ಗುಣದಿಂದ, ಹೊಸಪೇಟೆಯ ಪರದೆಯನ್ನು ಮಾಡಿದ್ದೂ ಇದೇ ಗುಣದಿಂದ. ವಿಷದ ಭಯದಿಂದ ಈಗ ಅನೇಕರು ಬೇರೆ ಲೇಪಗಳನ್ನು ಬಳಸುತ್ತಾರೆ, ತತ್ತ್ವ ಮಾತ್ರ ಅದೇ. ಹುಡುಗ ಪರದೆಗೆ ಲೇಪ ಬಳಿದು, ಕತ್ತಲಲ್ಲಿ ಒಣಗಿಸಿ, ಕಪ್ಪು ಚುಕ್ಕೆಗಳಿದ್ದ ಪಾಸಿಟಿವ್ ಹಾಳೆಯನ್ನು ಮೇಲಿಟ್ಟು ದೀಪಕ್ಕೆ ಹಿಡಿದ. ಆಮೇಲೆ ನೀರು ಹಾಯಿಸಿದಾಗ ಚುಕ್ಕೆಗಳಿದ್ದಷ್ಟೇ ಜಾಗ ತೊಳೆದುಹೋಗಿ ರಥ ಪರದೆಯ ಮೇಲೆ ಮೂಡಿತು.

ಮೊದಲನೆಯ ಚೀಲ ಕೆಟ್ಟಿತು. ರಥದ ಮೈಮೇಲೆಲ್ಲ ಕೆರೆಯ ನೀರಿನಲ್ಲಿ ಗಾಳಿ ಎದ್ದಂತೆ ಅಲೆಗಳು. ಇದೇ ಅವನು ಹೇಳಿದ್ದ ಜಗಳ. ಸೊಳ್ಳೆಪರದೆಯನ್ನು ಎರಡು ಪದರ ಮಾಡಿ ಬೆಳಕಿಗೆ ಹಿಡಿದವರಿಗೆಲ್ಲ ಈ ಅಲೆ ಗೊತ್ತು. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಓರೆಯಾಗಿ ಬಿದ್ದಾಗ ಇಲ್ಲದ ಸಾಲೊಂದು ಹುಟ್ಟುತ್ತದೆ. ಅಲೆಯ ಹೊಳಪಿನ ರೇಷ್ಮೆಗೆ ಫ್ರೆಂಚರಿಟ್ಟ ಹೆಸರಿನಿಂದ ಮುದ್ರಣಕಾರರು ಇದನ್ನು ಮ್ವಾರೇ ಎನ್ನುತ್ತಾರೆ. ನನ್ನ ಚಿತ್ರದಲ್ಲಿ ಮೂರು ಸಾಲುಗಳಿದ್ದವು: ಪುಸ್ತಕದ ಚುಕ್ಕೆ, ಹುಡುಗ ಹಾಕಿದ ಚುಕ್ಕೆ, ಪರದೆಯ ಎಳೆ. ತಪ್ಪು ನನ್ನದೇ, ಅಚ್ಚಾದ ಚಿತ್ರವನ್ನು ತಂದುಕೊಟ್ಟವನು ನಾನು. ಹುಡುಗ ಕಂಪ್ಯೂಟರಿನಲ್ಲಿ ಪುಸ್ತಕದ ಚುಕ್ಕೆಗಳನ್ನು ಮಸುಕು ಮಾಡಿ ಕರಗಿಸಿ, ಹೊಸ ಚುಕ್ಕೆಗಳ ಸಾಲನ್ನು ಎಳೆಗಳಿಗೆ ಓರೆಯಾಗಿ ತಿರುಗಿಸಿದ.

ಎರಡನೆಯ ಚೀಲದಲ್ಲಿ ಅಲೆಗಳಿಲ್ಲ. ಗಾಲಿ, ಕಂಬ, ಆನೆ ಎಲ್ಲವೂ ಅಚ್ಚುಕಟ್ಟು. "ಭಾಳ ಚಂದ ಬಂದೈತಲ್ರಿ ಸಾರ್" ಎಂದ ಹುಡುಗ. ಅಂಗಡಿಗೆ ಬಂದಿದ್ದವರೂ ತಲೆದೂಗಿದರು. ನಾನು ಮಾತ್ರ ಮಂಕಾಗಿ ನಿಂತೆ. ನನ್ನ ಪ್ರತಿಯಲ್ಲಿ ಗೋಪುರದ ಬಿಸಿಲು ಬಿದ್ದ ಬದಿ ತಿಳಿಬೂದಿಯಾಗಿ ಆಕಾಶಕ್ಕೆ ಹತ್ತಿಕೊಂಡಿತ್ತು. ಅಚ್ಚಿನಲ್ಲಿ ಆ ತಿಳಿಬೂದಿ ಉಳಿಯಲೇ ಇಲ್ಲ. ನೆರಳಿನ ಬದಿಯ ಒಂದು ತುಂಡು ಕಲೆಯಂತೆ ನಿಂತಿತ್ತು, ಉಳಿದದ್ದು ಬಿಳಿ ಬಟ್ಟೆ. ನೆಲದ ಮೇಲೆ ಒಮ್ಮೆ ಹೋಗಿದ್ದ ಗೋಪುರ ನನ್ನ ಕಣ್ಣೆದುರಿಗೇ ಇನ್ನೊಮ್ಮೆ ಹೋಯಿತು. ಈ ಸಲವೂ ಯಾರಿಗೂ ಗೊತ್ತಾಗಲಿಲ್ಲ. ಆ ಕಲೆಯನ್ನು ಹುಡುಗ ದೂಳಿನ ಗುರುತೆಂದು ತಿಳಿದು ಅಳಿಸಲು ಹೊರಟಿದ್ದ.

ಅವನನ್ನು ದೂರುವಂತಿಲ್ಲ. ಸಂಡೂರಿನ ಕಡೆಯಿಂದ ಬರುವ ಲಾರಿಗಳ ಕೆಂದೂಳು ಆ ರಸ್ತೆಯ ಯಾವ ಅಂಗಡಿಯನ್ನೂ ಬಿಟ್ಟಿಲ್ಲ. ಪಾಸಿಟಿವ್ ಹಾಳೆಯ ಮೇಲೆ ಒಂದು ಕಣ ಕುಳಿತರೂ ಅದು ಬೆಳಕನ್ನು ತಡೆಯುತ್ತದೆ, ಅಲ್ಲಿ ಪರದೆ ತೂತಾಗುತ್ತದೆ, ಮಸಿ ಇಳಿದು ಬೇಡದ ಚುಕ್ಕೆಯಾಗುತ್ತದೆ. ಬೇಡದ ಚುಕ್ಕೆಗಳನ್ನು ಮುಚ್ಚುವುದು ಅವನ ದಿನದ ಕೆಲಸ. ಬೇಕಾದ ಚುಕ್ಕೆ ಬಾರದಿದ್ದುದನ್ನು ಕೇಳಿದವನು ನಾನೇ ಮೊದಲಿಗನಿರಬೇಕು.

ಆ ಹೊತ್ತಿಗೆ ಅಂಗಡಿಯಲ್ಲಿ ಸಂಡೂರಿನಿಂದ ಬಂದಿದ್ದ ಒಬ್ಬ ಲಂಬಾಣಿ ಹೆಣ್ಣುಮಗಳಿದ್ದಳು. ತಾವು ಹೊಲಿದ ಚೀಲಗಳಿಗೆ ಕಟ್ಟುವ ಚೀಟಿಗಳನ್ನು ಅಚ್ಚು ಹಾಕಿಸಲು ಬಂದವಳು. ಸಂಡೂರಿನ ಲಂಬಾಣಿ ಕಸೂತಿಗೆ ೨೦೧೦ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದನ್ನು ಓದುಗರು ಬಲ್ಲರು. ಅವಳು ನನ್ನ ಚೀಲವನ್ನು ಕೈಗೆ ತೆಗೆದುಕೊಂಡು, ಪರದೆಯನ್ನು ಬೆಳಕಿಗೆ ಹಿಡಿದು ನೋಡಿ, "ಅಣ್ಣಾ, ಬಟ್ಟೆ ಎಳೆಕ್ಕಿಂತ ಹೊಲಿಗೆ ಸಣ್ಣದಾದ್ರ ಅದು ಎಲ್ಲಿ ಕುಂದರಬೇಕು? ಹೊಲಿಗೇನ ದಪ್ಪ ಹಾಕ್ರಿ" ಎಂದಳು.

ಅವಳೆಂದದ್ದು ಲೆಕ್ಕಕ್ಕೆ ಸರಿಯಾಗಿತ್ತು. ಹುಡುಗನ ಪರದೆಯಲ್ಲಿ ಅಂಗುಲಕ್ಕೆ ೧೫೦ ಎಳೆ. ಒಂದೆಳೆಯಿಂದ ಇನ್ನೊಂದಕ್ಕೆ ಹೆಚ್ಚುಕಡಮೆ ೦.೧೭ ಮಿಲಿಮೀಟರು. ಅಂಗುಲಕ್ಕೆ ೬೫ ಸಾಲಿನಂತೆ ಚುಕ್ಕೆ ಹಾಕಿದಾಗ, ನೂರಕ್ಕೆ ಹತ್ತು ಪಾಲು ಮಾತ್ರ ಕಪ್ಪಿ್ರುವ ತಿಳಿಬೂದಿಯ ಚುಕ್ಕೆಯ ಅಗಲ ಸುಮಾರು ೦.೧೪ ಮಿಲಿಮೀಟರು. ಎಳೆಯ ಅಂತರಕ್ಕಿಂತ ಚುಕ್ಕೆಯೇ ಸಣ್ಣದು. ಅದು ಎಳೆಯ ಮೇಲೆಯೇ ಬಿದ್ದರೆ ಮಸಿ ಇಳಿಯಲು ದಾರಿಯಿಲ್ಲ. ಪರದೆಯ ಎಳೆಗಳು ಚುಕ್ಕೆಯ ಸಾಲುಗಳಿಗಿಂತ ನಾಲ್ಕೈದು ಪಟ್ಟು ಹೆಚ್ಚಿರಬೇಕೆಂಬುದು ಈ ಕಸಬಿನ ರೂಢಿಯ ನಿಯಮ. ೬೫ ಸಾಲಿಗೆ ಮುನ್ನೂರರ ಹತ್ತಿರ ಎಳೆ ಬೇಕು. ಅಷ್ಟು ನವುರಾದ ಪರದೆಯಿಂದ ಹತ್ತಿಬಟ್ಟೆಗೆ ಸಾಕಷ್ಟು ಮಸಿ ಇಳಿಯದು. ಆದ್ದರಿಂದ ಚುಕ್ಕೆಯನ್ನೇ ಒರಟು ಮಾಡಬೇಕು. ೩೫ ಸಾಲಿಗೆ ಇಳಿಸಿದರೆ ಅದೇ ತಿಳಿಬೂದಿಯ ಚುಕ್ಕೆ ಕಾಲು ಮಿಲಿಮೀಟರು ಮೀರುತ್ತದೆ, ಎಳೆಯನ್ನು ದಾಟಿ ನಿಲ್ಲುತ್ತದೆ. ಚದರ ಅಂಗುಲಕ್ಕೆ ೪,೨೨೫ ಇದ್ದ ಚುಕ್ಕೆಗಳು ೧,೨೨೫ ಆದವು. ಹುಡುಗನಿಗೆ ಇದು ಹಿಡಿಸಲಿಲ್ಲ. "ಚುಕ್ಕಿ ಕಣ್ಣಿಗೆ ಕಾಣ್ತಾವ ಸಾರ್, ಜನ ಕಳಪೆ ಕೆಲಸ ಅಂತಾರ" ಎಂದ. ಕಾಣಲಿ, ಗೋಪುರ ಕಂಡರೆ ಸಾಕು ಎಂದೆ.

ಮೂರನೆಯ ಚೀಲದಲ್ಲಿ ಗೋಪುರ ನಿಂತಿತು. ಕುಸುರಿಯೇನೂ ಕಾಣದು. ಗಾಲಿಯ ಹೂವಿನ ಕೆತ್ತನೆ ಎರಡನೆಯ ಚೀಲದಷ್ಟು ನಾಜೂಕಾಗಿಲ್ಲ. ಆದರೆ ರಥದ ನೆತ್ತಿಯಿಂದ ಆಕಾಶಕ್ಕೆ ಏರಿದ ಇಟ್ಟಿಗೆಯ ಗೋಪುರ ಚುಕ್ಕೆಚುಕ್ಕೆಯಾಗಿ ಇತ್ತು. ನವುರು ಕೆಲಸ ಬಿಟ್ಟುಕೊಟ್ಟದ್ದನ್ನು ಒರಟು ಕೆಲಸ ಉಳಿಸಿತು. ಮುನ್ನೂರು ಚೀಲಗಳಿಗೆ ಅದನ್ನೇ ಹಾಕಿಸಿ ಕಂಪ್ಲಿಯ ಬಸ್ಸು ಹತ್ತಿದೆ.

ಮದುವೆಯ ಮನೆಯ ಜಗಲಿಯ ಮೇಲೆ ದೊಡ್ಡಪ್ಪ ಕುಳಿತಿದ್ದರು. ಚೀಲವನ್ನು ನೋಡಿದವರೇ ಹುಬ್ಬು ಗಂಟಿಕ್ಕಿದರು. "ಏನಪಾ ಇದು? ನಿನಗ ಮೋಸ ಮಾಡ್ಯಾನ ಅಂವ. ನಮ್ಮ ಹಂಪಿ ತೇರಿನ ಮ್ಯಾಲ ಗೋಪುರ ಎಲ್ಲೈತಿ?" ಎಂದು, ಜೇಬಿನಿಂದ ಐವತ್ತು ರೂಪಾಯಿಯ ಒಂದು ನೋಟು ತೆಗೆದು ನನ್ನ ಮುಂದೆ ಹಿಡಿದರು. ೨೦೧೭ರಲ್ಲಿ ಬಂದ ಆ ನೋಟಿನ ಬೆನ್ನಿಗೆ ನಮ್ಮ ಕಲ್ಲಿನ ರಥವೇ ಉಂಟು, ಚಪ್ಪಟೆ ತಲೆಯದು. "ಸರ್ಕಾರ ಹಾಕಿಸಿದ್ದು ಸುಳ್ಳಾ, ನಿನ್ನ ಚೀಲ ಖರೇನಾ?"

ನಾನು ಗ್ರೀನ್‌ಲಾನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಕಂಪ್ಲಿಯವರಿಗೆ ಹಂಪೆಯ ಮಾತನ್ನು ಸುಲಭವಾಗಿ ಒಪ್ಪಿಸಲಾಗುವುದಿಲ್ಲ. ವಿಜಯನಗರ ಹುಟ್ಟುವುದಕ್ಕೆ ಮೊದಲೇ ರಾಜ್ಯವಾಳಿದ ಊರು ಅದು. ಕಂಪಿಲರಾಯನೂ ಅವನ ಮಗ ಕುಮಾರರಾಮನೂ ದೆಹಲಿಯ ತುಘಲಕನ ಸೇನೆಗೆ ತಲೆಬಾಗದೆ ಅಳಿದವರು. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕುಮಾರರಾಮನ ಫೋಟೋ ಯಾರು ತೆಗದಾರ? ಹಾಡಿ ಹಾಡಿ ಉಳಿಸ್ಕೊಂಡೇವಿ. ಆ ಗೋಪುರದ ಮ್ಯಾಲೆ ಯಾರೂ ಹಾಡು ಕಟ್ಟಲಿಲ್ಲ, ಅದಕ್ಕ ಹೋತು" ಎಂದರು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಜನರ ನಾಲಗೆಗೂ ಬಾರದ, ಜನರ ಕಣ್ಣಿಗೂ ಬೀಳದ ವಸ್ತು ಎಷ್ಟು ಗಟ್ಟಿಯಾದ ಗಾರೆಯದಾದರೂ ನಿಲ್ಲದು. ಪೆಟ್ಟಿಗೆಯಲ್ಲಿಟ್ಟ ಅತ್ಯುತ್ತಮ ಚಿತ್ರಕ್ಕಿಂತ ಕೈಯಿಂದ ಕೈಗೆ ಹೋಗುವ ಒರಟು ಚಿತ್ರವೇ ನೆನಪಿಗೆ ಹೆಚ್ಚಿನ ಆಸರೆ ಎಂದು ನನಗೆ ಅನಿಸಿದ್ದು ಆ ಜಗಲಿಯ ಮೇಲೆ.

ದೊಡ್ಡಪ್ಪ ಕನ್ನಡಕ ಸರಿಪಡಿಸಿಕೊಂಡು ಚೀಲವನ್ನು ಮೂಗಿನ ಹತ್ತಿರ ತಂದರು. ಬರಿಯ ಚುಕ್ಕಿ ಕಂಡಿರಬೇಕು, ಗೊಣಗಿದರು. ಆಮೇಲೆ ತೋಳು ನೀಡಿ ದೂರ ಹಿಡಿದರು. ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಆಡುತ್ತ ಬಂದ ಮರಿಮೊಮ್ಮಗನನ್ನು ಹತ್ತಿರ ಕರೆದು, ಆ ಐವತ್ತು ರೂಪಾಯಿಯ ನೋಟನ್ನು ಚೀಲದೊಳಗೆ ಹಾಕಿ ಅವನ ಕೈಗೆ ಕೊಟ್ಟರು. "ಎರಡೂ ಜ್ವಾಪಾನ ಇಟ್ಕೋ. ಒಳಗಿಂದು ಈಗಿನ ತೇರು, ಹೊರಗಿಂದು ನಮ್ಮ ಮುತ್ತಾತ ನೋಡಿದ ತೇರು" ಎಂದರು.